ಮೂರು ಗಂಟೆಯ ಮಹಿಳಾ ಬ್ಯಾಚು

ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಡದೇ ಇದ್ದರೆ ಅದು ಸುಳ್ಳು ಹೇಳಿದ ಹಾಗೆ ಆಗುತ್ತದೆಯೇ? ಈ ವಿಷಯವನ್ನು ನಾನು ವಾರಗಟ್ಟಲೆ ಯೋಚಿಸಿದ್ದೇನೆ. ಯೋಚಿಸುವುದಕ್ಕೆ ನನಗೆ ಸಿಕ್ಕಂಥ ಜಾಗ ಬಳ್ಳಾರಿಯಲ್ಲಿ ಇನ್ನೊಬ್ಬರಿಗೆ ಸಿಕ್ಕಿರಲಾರದು. ಈಜುಕೊಳದ ದಂಡೆಯ ಮೇಲೆ ಆರಡಿ ಎತ್ತರದ ಕಬ್ಬಿಣದ ಕುರ್ಚಿ, ಮೇಲೆ ತಗಡಿನ ಮಾಡು, ಕೊರಳಲ್ಲಿ ಸೀಟಿ, ಕಾಲ ಕೆಳಗೆ ಇಪ್ಪತ್ತೈದು ಮೀಟರ್ ಉದ್ದದ ನೀರು. ನೀರಿನಲ್ಲಿ ಯಾರಾದರೂ ಮುಳುಗಿದರೆ ಸೀಟಿ ಊದಿ, ಜಿಗಿದು, ಮೇಲೆತ್ತುವುದು ನನ್ನ ಕೆಲಸ. ನನಗೆ ಈಜು ಬರುತ್ತಿರಲಿಲ್ಲ.

ನಾನು ಕಾಲೇಜಿನಲ್ಲಿ ಓದುತ್ತಿರುವುದು ಕ್ರೀಡೆ ಮತ್ತು ಮನರಂಜನೆ ನಿರ್ವಹಣೆ. ಸಿರುಗುಪ್ಪದ ನಮ್ಮ ಮನೆಯಲ್ಲಿ ಈ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದವರು ಇನ್ನೂ ಯಾರೂ ಇಲ್ಲ. ಅವ್ವ "ಆಟದ ಕಾಲೇಜು" ಎನ್ನುತ್ತಾಳೆ. ಮೊದಲನೇ ಪರೀಕ್ಷೆಯಲ್ಲಿ "ಬಿಡುವು ಎಂದರೇನು? ವಿವರಿಸಿ" ಎಂಬ ಪ್ರಶ್ನೆ ಬಂದಿತ್ತು. ಅದನ್ನು ಕೇಳಿ ಅಪ್ಪ, "ಬಿಡುವು ಅಂದ್ರ ಏನಂತ ತಿಳಕೊಳ್ಳಾಕ ನಮ್ಮ ಹುಡುಗಿ ಹಗಲೂ ರಾತ್ರಿ ಬಿಡುವಿಲ್ಲದಂಗ ಓದಾಕತ್ತಾಳ ನೋಡ್ರಿ" ಎಂದು ಬಂದವರಿಗೆಲ್ಲ ಹೇಳಿದರು. ಆದರೆ ಕೊನೆಯ ವರ್ಷದಲ್ಲಿ ಆರು ತಿಂಗಳು ಹೊರಗೆ ಕೆಲಸ ಮಾಡಬೇಕು, ಅದಕ್ಕೆ ಸಂಬಳವೂ ಉಂಟು ಎಂದು ತಿಳಿದ ದಿನ ಅವರು ಕೋರ್ಸಿನ ಪೂರ್ತಿ ಹೆಸರನ್ನು ಬಾಯಿಪಾಠ ಮಾಡಲು ಒಂದು ಪ್ರಾಮಾಣಿಕ ಪ್ರಯತ್ನ ಮಾಡಿದರು.

ಹಾಗೆ ನನ್ನನ್ನು ಕಳಿಸಿದ್ದು ಬಳ್ಳಾರಿಯ ಈ ಈಜುಕೊಳಕ್ಕೆ. ಅಲ್ಲಿಯ ಮ್ಯಾನೇಜರು ನಿವೃತ್ತ ಡ್ರಿಲ್ ಮಾಸ್ತರರು. ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಮಹಿಳಾ ಬ್ಯಾಚು ಶುರು ಮಾಡಬೇಕೆಂದು ಅವರಿಗೆ ಬಹಳ ದಿನದ ಆಸೆ. ಆ ಹೊತ್ತಿನಲ್ಲಿ ಗಂಡಸರು ಒಳಗೆ ಬರುವಂತಿಲ್ಲವಾದ್ದರಿಂದ ಕುರ್ಚಿಗೆ ಒಬ್ಬ ಹೆಣ್ಣುಮಗಳು ಬೇಕಾಗಿತ್ತು. ಮಾಸ್ತರರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ.

"ಯಾವೂರವ್ವ ನಿಂದು?"

"ಸಿರುಗುಪ್ಪ ಸರ್."

"ಹಂಗಾರ ಬಿಡು. ಕಾಲುವಿ ನೀರಾಗ ಬೆಳದಾಕಿ. ನಿನಗೇನ್ ಕೇಳೋದೈತಿ!"

ಕಾಲುವೆ ಇರುವುದು ನಿಜ. ಕಾಲುವೆ ಇದ್ದ ಊರಿನಲ್ಲಿ ಹುಡುಗಿಯರಿಗೆ ಮೊದಲು ಕಲಿಸುವ ಪಾಠ ಅದರ ಹತ್ತಿರ ಸುಳಿಯಬಾರದು ಎಂಬುದು. ನಮ್ಮ ಓಣಿಯ ಗಂಡುಹುಡುಗರೆಲ್ಲ ಸೇತುವೆಯ ಮೇಲಿಂದ ಜಿಗಿಯುತ್ತಿದ್ದರು. ನಾನು ಅವರ ಅಂಗಿ ಹಿಡಿದುಕೊಂಡು ದಂಡೆಯ ಮೇಲೆ ನಿಂತಿರುತ್ತಿದ್ದೆ. ಇದನ್ನು ಮಾಸ್ತರರಿಗೆ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಸೀಟಿಯನ್ನು ಕೊರಳಿಗೆ ಹಾಕಿಬಿಟ್ಟರು.

ಮೊದಲ ವಾರ ನನಗೆ ಭಯವೇ ಆಗಲಿಲ್ಲ. ಏಕೆಂದರೆ ಮಹಿಳಾ ಬ್ಯಾಚಿನಲ್ಲಿ ಯಾರೂ ಈಜುತ್ತಿರಲಿಲ್ಲ. ಹನ್ನೊಂದು ಜನ ಬರುತ್ತಿದ್ದರು. ಮೊದಲನೇ ದಿನ ಗಂಗಮ್ಮನಿಗೆಂದು ನೀರಿಗೆ ಅರಿಸಿನ ಕುಂಕುಮ ಹಾಕಿ, ವೀಳ್ಯದೆಲೆ ತೇಲಿಬಿಟ್ಟರು. ಎಲೆ ಹೋಗಿ ಫಿಲ್ಟರಿಗೆ ಸಿಕ್ಕು ಮಾಸ್ತರರು ಅರ್ಧ ದಿನ ಒದ್ದಾಡಿದರು. ಆಮೇಲೆ ಹನ್ನೊಂದು ಜನವೂ ಕುತ್ತಿಗೆಮಟ್ಟದ ನೀರಿಗೆ ಇಳಿದು, ವೃತ್ತಾಕಾರವಾಗಿ ನಿಂತು, ಮಾತಾಡಲು ಶುರು ಮಾಡಿದರು. ನಾಲ್ಕು ಗಂಟೆಗೆ ಮಾತು ಮುಗಿಸಿ ಮೇಲೆ ಬಂದರು. ದಿನವೂ ಹೀಗೇ. ಹೊರಗೆ ಬಳ್ಳಾರಿಯ ಬಿಸಿಲು ಡಾಂಬರನ್ನು ಮೆತ್ತಗೆ ಮಾಡುತ್ತಿರುವಾಗ ಒಳಗೆ ನೀರಿನ ಬೆಳಕು ತಗಡಿನ ಮಾಡಿನ ಮೇಲೆ ನಡುಗುತ್ತಿತ್ತು. ಹೊರಗಿನವರಿಗೆ ಕಾಣದಿರಲೆಂದು ಕಟ್ಟಿದ ಪರದೆಯ ಮೇಲುಗಡೆ ಕೋಟೆ ಗುಡ್ಡದ ಒಂದು ತುಂಡು ಕಾಣುತ್ತಿತ್ತು. ಹನ್ನೊಂದು ತಲೆಗಳು ನೀಲಿಯಲ್ಲಿ ತೇಲುತ್ತ, ಸೊಸೆಯಂದಿರ ಬಗ್ಗೆ, ಗ್ಯಾಸ್ ಸಿಲಿಂಡರಿನ ಬಗ್ಗೆ, ಯಾರದೋ ನಿಶ್ಚಿತಾರ್ಥ ಮುರಿದ ಬಗ್ಗೆ ಮಾತಾಡುತ್ತಿದ್ದವು. ನೀರಿನ ಮೇಲೆ ಜಾರಿ ಬರುವ ಮಾತು ಮೊನೆಗಳನ್ನೆಲ್ಲ ಕಳೆದುಕೊಂಡಿರುತ್ತದೆ. ಮುರಿದ ನಿಶ್ಚಿತಾರ್ಥವೂ ಕುರ್ಚಿಯ ತನಕ ಬರುವಷ್ಟರಲ್ಲಿ ಜೋಗುಳದ ಹಾಗೆ ಕೇಳುತ್ತಿತ್ತು. ಕಣ್ಣು ತೆರೆದಿಟ್ಟುಕೊಂಡೇ ನಾನು ಒಂದೊಂದು ದಿನ ಎಲ್ಲೋ ಹೋಗಿಬಿಡುತ್ತಿದ್ದೆ.

ಆ ವೃತ್ತದ ನಡುವೆ ಇರುತ್ತಿದ್ದವರು ಪಾರ್ವತಕ್ಕ. ಕುರುಗೋಡಿನಿಂದ ಬೆಳಗಿನ ಬಸ್ಸಿಗೆ ಬಂದು ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಕೆಲಸ ಮಾಡಿ, ಮೂರಕ್ಕೆ ಕುಂಟುತ್ತ ಇಲ್ಲಿಗೆ ಬರುತ್ತಿದ್ದರು. ಮೊಣಕಾಲಿನ ನೋವಿಗೆ ನೀರಿನಲ್ಲಿ ನಿಲ್ಲಲು ಡಾಕ್ಟರು ಹೇಳಿದ್ದರಂತೆ. "ಲೇ ಸೀಟಿ," ಎಂದು ಅವರು ನನ್ನನ್ನು ಕರೆಯುತ್ತಿದ್ದರು, "ದಿನದಾಗ ಈ ಒಂದು ತಾಸು ನನಗ ಮೊಣಕಾಲು ಐತಿ ಅನ್ನೋದ ಮರ್ತು ಹೋಗತೈತಿ ನೋಡು. ಇದಿಲ್ಲಂದ್ರ ನಾ ಮಷಿನ್ ಮುಂದ ಕುಂದ್ರಾಕ ಆಗಂಗಿಲ್ಲ." ಅವರ ಪಕ್ಕದಲ್ಲಿ ಯಾವಾಗಲೂ ಕೌಲ್ ಬಜಾರಿನ ಬಳೆ ಅಂಗಡಿಯ ಮೆಹರುನ್ ಬೀ.

ಎರಡನೇ ವಾರ ಮಾಸ್ತರರು ಒಂದು ರಿಜಿಸ್ಟರ್ ತಂದುಕೊಟ್ಟರು. ಆ ಒಂದು ಗಂಟೆಯನ್ನು ಹುಡುಗರ ಕೋಚಿಂಗಿಗೆ ಕೊಡಬೇಕೆಂದು ಈಜುಕೊಳದ ಕಮಿಟಿಯವರು ಕೇಳುತ್ತಿದ್ದರಂತೆ. ಹೆಂಗಸರು ಈ ದಂಡೆಯಿಂದ ಆ ದಂಡೆಗೆ ಎಷ್ಟು ಸಲ ಈಜುತ್ತಾರೆ ಎಂದು ನಾನು ಒಂದು ವಾರ ಬರೆದಿಡಬೇಕು. ಶನಿವಾರ ಅದನ್ನು ನೋಡಿ ತೀರ್ಮಾನ. ಸೋಮವಾರ ನಾನು ಸೊನ್ನೆ ಬರೆದೆ. ಮಂಗಳವಾರವೂ ಸೊನ್ನೆ. ವಿಷಯ ತಿಳಿಸಿದಾಗ ಹನ್ನೊಂದು ಜನ ಬುಧವಾರ ಮಾತಾಡುತ್ತಲೇ ಮೆರವಣಿಗೆಯ ಹಾಗೆ ನೀರಿನಲ್ಲಿ ಅಡ್ಡಕ್ಕೆ ನಡೆದರು. "ಬರಕೋ, ಹನ್ನೊಂದು" ಎಂದರು ಪಾರ್ವತಕ್ಕ. ನಾನು ಬಹಳ ಯೋಚಿಸಿ, "ಹನ್ನೊಂದು, ಅಗಲಕ್ಕೆ, ಕಾಲ್ನಡಿಗೆಯಲ್ಲಿ" ಎಂದು ಬರೆದೆ.

ಗುರುವಾರ ಅವರು ಉದ್ದಕ್ಕೆ ನಡೆಯಲು ಹೊರಟರು.

ನಮ್ಮ ಕೊಳದ ತಳ ನಡುಭಾಗದ ನಂತರ ಇಳಿಜಾರಾಗುತ್ತದೆ. ಅಲ್ಲೊಂದು ಕೆಂಪು ಗೆರೆ ಇದೆ. ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಪಾರ್ವತಕ್ಕ ಮೆಹರುನ್ ಬೀ ಕಡೆ ತಿರುಗಿ ಏನನ್ನೋ ಹೇಳುತ್ತ ಆ ಗೆರೆ ದಾಟಿದರು. ವಾಕ್ಯದ ನಡುವೆಯೇ ಅವರ ತಲೆ ಇಲ್ಲವಾಯಿತು. ಸದ್ದಾಗಲಿಲ್ಲ. ನೀರು ಅವರ ಮೇಲೆ ಮೆತ್ತಗೆ ಮುಚ್ಚಿಕೊಂಡಿತು. ನಾನು ಎಣಿಸಿದೆ. ಯಾಕೆ ಎಣಿಸಿದೆನೋ ಗೊತ್ತಿಲ್ಲ, ಆದರೆ ಎಣಿಸಿದೆ. ಒಂದು. ಎರಡು. ಸೀಟಿ ನನ್ನ ತುಟಿಯ ನಡುವೆ ಇತ್ತು, ಉಸಿರು ಇರಲಿಲ್ಲ. ಮೂರು. ಅವರ ಗುಲಾಬಿ ಬಣ್ಣದ ನೈಟಿ ನೀರಿನೊಳಗೆ ಹೂವಿನಂತೆ ಅರಳುತ್ತಿತ್ತು, ಅದು ಚೆಂದ ಕಾಣುತ್ತಿದೆ ಎಂದೂ ನನಗೆ ಅನ್ನಿಸಿತು. ನಾಲ್ಕು. ಮೆಹರುನ್ ಬೀ ಒಂದೇ ಮುಳುಗಿಗೆ ಕೆಳಗೆ ಹೋಗಿ, ಅವರ ರಟ್ಟೆ ಹಿಡಿದು ಮೇಲೆ ತಂದು, ದಂಡೆಗೆ ಕೂರಿಸಿದರು.

ಪಾರ್ವತಕ್ಕ ಕೆಮ್ಮಿ, ಉಗುಳಿ, ಕಣ್ಣು ಒರೆಸಿಕೊಂಡರು. "ಒಳಗ ಭಾಳ ತಣ್ಣಗ ಐತಿ ಬೇ. ಯಾರೂ ಮಾತಾಡಂಗಿಲ್ಲ," ಎಂದರು. ಎಲ್ಲರೂ ನಕ್ಕರು. ನಾನು ಕುರ್ಚಿಯಿಂದ ಇಳಿಯುವಾಗ ಏಣಿಯ ಐದು ಮೆಟ್ಟಿಲಿಗೂ ಒಂದೊಂದು ಸಲ ನಿಂತೆ.

ನಾನು ರಿಜಿಸ್ಟರ್ ತೆಗೆದದ್ದನ್ನು ಕಂಡು ಪಾರ್ವತಕ್ಕನ ನಗು ನಿಂತಿತು. "ಲೇ, ಅದನ್ನ ಬರೀಬ್ಯಾಡ. ಬರದ್ರ ಶನಿವಾರ ಗೇಟಿಗೆ ಬೀಗ ಹಾಕ್ತಾರ. ನನ್ನ ಮೊಣಕಾಲು ನೆನಸಿಕೋ." ನಾನು ಅವರ ಮೊಣಕಾಲನ್ನೂ ನೆನೆದೆ, ಈ ಕೆಲಸ ಮುಗಿಸಿದರೆ ನನಗೆ ಸಿಗಬೇಕಾದ ಸರ್ಟಿಫಿಕೇಟನ್ನೂ ನೆನೆದೆ. ಆದರೆ ಆ ನಾಲ್ಕು ಎಣಿಕೆ ನನ್ನ ತಲೆಯೊಳಗೆ ಇನ್ನೂ ಮುಗಿದಿರಲಿಲ್ಲ. ಐದು ಎಂದು ಎಣಿಸಬೇಕಾಗಿ ಬಂದಿದ್ದರೆ? ನಾನು ಬರೆದೆ: "ಪಾರ್ವತಕ್ಕ ಕೆಂಪು ಗೆರೆ ದಾಟಿ ನಾಲ್ಕು ಎಣಿಸುವಷ್ಟು ಹೊತ್ತು ಮುಳುಗಿದ್ದರು. ಮೆಹರುನ್ ಬೀ ಎತ್ತಿದರು. ಸಿಬ್ಬಂದಿ ಕುರ್ಚಿಯ ಮೇಲೆ ಕುಳಿತಿದ್ದಳು." ಪಾರ್ವತಕ್ಕ ಶುಕ್ರವಾರ ನನ್ನನ್ನು ಮಾತಾಡಿಸಲಿಲ್ಲ.

ಶನಿವಾರ ಮಾಸ್ತರರು ಹೆಂಗಸರನ್ನೆಲ್ಲ ಆಫೀಸಿನ ಬಾಗಿಲಲ್ಲಿ ನಿಲ್ಲಿಸಿಕೊಂಡು ರಿಜಿಸ್ಟರನ್ನು ಎರಡು ಸಲ ಓದಿದರು.

"ಕುಂತಿದ್ಲು ಅಂದ್ರ? ಇಳಿಲಿಲ್ಲ ಯಾಕ?"

"ನನಗ ಈಜು ಬರಂಗಿಲ್ಲ ಸರ್."

"ಸಿರುಗುಪ್ಪದಾಕಿ ಅಲ್ಲೇನು ನೀನು!"

"ಹೌದ್ ಸರ್. ದಂಡಿ ಮ್ಯಾಲೆ."

ಮಾಸ್ತರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನನಗಿಂತ ಹೆಚ್ಚಾಗಿ ಅವರು ತಮ್ಮ ಮೇಲೇ ಸಿಟ್ಟಾದಂತೆ ಕಂಡಿತು. ಆಮೇಲೆ ಮೆಹರುನ್ ಬೀ ಕಡೆ ತಿರುಗಿದರು. "ನಿಮಗ ಎಲ್ಲಿ ಬಂತ್ರಿ ಈಜು?"

"ನಮ್ಮ ನಾನಿ ಊರು ಕೊಳಗಲ್ಲು ರೀ. ಬಾವ್ಯಾಗ ಕಲ್ತೀನಿ, ಬಚ್ಪನ್‌ನಾಗ."

"ಮತ್ತ ಇಷ್ಟು ದಿನ ಯಾಕ ಈಜಲಿಲ್ಲ?"

"ಅರೆ, ಈಜಿಕೋತ ಮಾತಾಡಾಕ ಆಗತೈತೇನ್ರಿ?"

ಹೊರಗೆ ಕಮಿಟಿಯವರ ಗಾಡಿ ನಿಂತ ಸದ್ದಾಯಿತು. ಮಾಸ್ತರರು ಪೆನ್ನು ತೆಗೆದು ರಿಜಿಸ್ಟರಿನ ಮುಖಪುಟದಲ್ಲಿ "ಮಹಿಳಾ ಬ್ಯಾಚು" ಎಂಬುದರ ಪಕ್ಕದಲ್ಲಿ "ಹೊಸದಾಗಿ ಕಲಿಯುವವರದು" ಎಂದು ಸೇರಿಸಿದರು. ಹೊಸದಾಗಿ ಕಲಿಯುವವರು ಮೊದಮೊದಲು ಸೊನ್ನೆ ಈಜುವುದು ಸಹಜ ಎಂದು ಕಮಿಟಿಯವರಿಗೆ ವಿವರಿಸಿದರು. ಪಾರ್ವತಕ್ಕ ಮುಳುಗಿದ್ದನ್ನು ಬರೆದ ಪುಟವನ್ನೂ ಮುಚ್ಚಿಡದೆ ತೋರಿಸಿ, ಕೆಂಪು ಗೆರೆಯ ಮೇಲೆ ಅಂದೇ ಹಗ್ಗ ಕಟ್ಟಿಸಿದರು. ಮೆಹರುನ್ ಬೀ ಕಲಿಸುವವರು, ಯಾರಾದರೂ ಮುಳುಗಿದರೆ ಮೇಲೆತ್ತುವ ಜವಾಬ್ದಾರಿಯೂ ಅವರದೇ. ಆದರೆ ಕಲಿಯುವವರ ಪಟ್ಟಿಗೆ ಒಂದಾದರೂ ಹೆಸರು ಬೇಕಲ್ಲ? ಹತ್ತು ಜನ ತಮಗೆ ಮೊಣಕಾಲು, ಸೊಂಟ, ವಯಸ್ಸು ಎಂದರು. ಉಳಿದದ್ದು ನಾನು.

"ಇಳಿ ಲೇ ಸೀಟಿ," ಎಂದರು ಪಾರ್ವತಕ್ಕ. ಎರಡು ದಿನದ ಮೇಲೆ ಅವರು ನನಗೆ ಆಡಿದ ಮೊದಲ ಮಾತು ಅದು.

ಕಲಿಯಲು ಐದು ವಾರ ಹಿಡಿಯಿತು. ಮೊದಲ ಸಲ ಆ ದಂಡೆ ಮುಟ್ಟಿದಾಗ ಹೆಂಗಸರು ಚಪ್ಪಾಳೆ ಹೊಡೆದರು. ನಾನು ಒದ್ದೆ ಕೈಯಲ್ಲೇ ರಿಜಿಸ್ಟರಿನಲ್ಲಿ ಒಂದು ಎಂದು ಬರೆದೆ. ಆಮೇಲೆ ನನಗೆ ಹುಚ್ಚು ಹಿಡಿಯಿತು. ಬೆನ್ನ ಮೇಲೆ ತೇಲುತ್ತ ತಗಡಿನ ಮೇಲಿನ ಬೆಳಕನ್ನು ನೋಡುತ್ತ ಹೋಗುವುದು, ಬರುವುದು. ದಿನಕ್ಕೆ ಹತ್ತು, ಹನ್ನೆರಡು, ಹದಿನೆಂಟು ಸಲ. ಬಿಡುವು ಎಂದರೇನು ಎಂದು ಈಗ ಕೇಳಿದರೆ ಐದಕ್ಕೆ ಐದು ಅಂಕ ನನ್ನದೇ ಎಂದುಕೊಳ್ಳುತ್ತಿದ್ದೆ.

ಕೆಲಸದ ಅವಧಿ ಮುಗಿಯಲು ಎರಡು ವಾರ ಇರುವಾಗ ಮಾಸ್ತರರು ನನ್ನನ್ನು ಕರೆದು ಒಂದು ಹಾಳೆ ಕೈಗಿಟ್ಟರು. ಮಹಿಳಾ ಬ್ಯಾಚಿನಿಂದ ಲಿಖಿತ ದೂರು. ಒಬ್ಬ ಸದಸ್ಯೆ ಒಂದೇ ಸಮನೆ ಅತ್ತಿಂದಿತ್ತ ಈಜುತ್ತಿದ್ದು, ಅಲೆ ಎದ್ದು ಮಾತಾಡುವವರ ಬಾಯಿಗೆ ನೀರು ಹೋಗುತ್ತಿದೆ, ಕ್ರಮ ಕೈಗೊಳ್ಳಬೇಕು. ಕೆಳಗೆ ಹನ್ನೊಂದು ಸಹಿ. ಮೊದಲನೆಯದು ಪಾರ್ವತಕ್ಕನದು, ಎರಡನೆಯದು ನನ್ನ ಗುರುಗಳಾದ ಮೆಹರುನ್ ಬೀ ಅವರದು.

"ಮಹಿಳಾ ಬ್ಯಾಚಿನ ದೂರು ವಿಚಾರಣಿ ಮಾಡೋದು ಸಿಬ್ಬಂದಿ ಕೆಲಸ," ಎಂದರು ಮಾಸ್ತರರು. "ನೀನ ವಿಚಾರಿಸವ್ವ."

ನಾನು ಎರಡು ದಿನ ಸಮಯ ತೆಗೆದುಕೊಂಡು, ಎರಡೂ ಕಡೆಯವರ ಮಾತು ಕೇಳಿ ವಿಚಾರಣೆ ಮಾಡಿದೆ. ದೂರು ನಿಜವಾಗಿತ್ತು. ಸದಸ್ಯೆಯನ್ನು ಕರೆಸಿ, ಎಚ್ಚರಿಕೆ ಕೊಟ್ಟು, ಇನ್ನು ಮುಂದೆ ಹೀಗೆ ಮಾಡುವುದಿಲ್ಲವೆಂದು ಬರೆಸಿಕೊಂಡು ಸಹಿ ಹಾಕಿದೆ. ಎರಡು ಕಡೆ ಹಾಕಬೇಕಾಯಿತು.