ಬಾಯಿಲೆ ಅನ್ನಬಾರದ ಹೆಸರಿನ ಉಪ್ಪಿನಕಾಯಿ

ನಮ್ಮ ಇಂಡಿ ಊರಾಗ ನಿಂಬಿಹಣ್ಣಿಗೆ ಬರ ಇಲ್ಲ, ನನ್ನ ಫಜೀತಿಗೂ ಬರ ಇಲ್ಲ. ಉಪ್ಪಿನಕಾಯಿ ಧಂದೆ ಚಾಲೂ ಮಾಡಿದಾಗಿಂದ ಒಂದಿಲ್ಲ ಒಂದು ನಡದ ಐತಿ. ನೀವು ನಗ್ತೀರಿ, ನನ್ನ ಎದಿ ಡವಡವ ಅಂತೈತಿ.

೧. ನಾಮಕರಣ

ಧಂದೆಕ್ಕ ಜಾಗಾ ಬೇಕಾಗಿತ್ತು. ಮನಿ ಹಿಂದ ದನದ ಕೊಟ್ಟಗಿ ಖಾಲಿ ಬಿದ್ದಿತ್ತು. ಅತ್ತಿ ಅಂದ್ರು, "ಕೊಡ್ತೇನಿ. ಆದ್ರ ಡಬ್ಬಿ ಮ್ಯಾಲೆ ನನ್ನ ಮಗನ ಹೆಸರಿರಬೇಕು. ಧಂದೆ ನಡೀಲಿಲ್ಲಂದ್ರ ಅಲ್ಲಿ ಎಮ್ಮಿ ಕಟ್ತೇನಿ."

ಹೂಂ ಅಂದ್ನಿ. ನಮ್ಮ ಮನಿತನದಾಗ ಹೆಂಡ್ತಿ ಗಂಡನ ಹೆಸರು ಬಾಯಿಲೆ ಅನ್ನಂಗಿಲ್ಲ ಅನ್ನೂದು ನೆನಪಾಗೂದ್ರಾಗ ಡಬ್ಬಿಗೆಲ್ಲ ಹೆಸರು ಹಚ್ಚಿ ಆಗಿತ್ತು. ನಿಮಗೂ ಹೇಳೂದಿಲ್ಲ, ಕೇಳಬ್ಯಾಡ್ರಿ.

೨. ಫೋನು

ಮುದ್ದೇಬಿಹಾಳದಿಂದ ಕಿರಾಣಿ ಅಂಗಡಿಯವ್ರ ಫೋನ್ ಬಂತು.

"ಯಾವ ಉಪ್ಪಿನಕಾಯಿರಿ ನಿಮ್ದು?"

"ನಿಂಬಿಹಣ್ಣಿಂದ್ರಿ."

"ಅದಲ್ಲರಿ, ಹೆಸರು?"

"ನಮ್ಮ ಮನ್ಯಾಗಿನವ್ರದ್ರಿ."

"ಅವರ ಹೆಸರೇನು?"

"ಉಪ್ಪಿನಕಾಯಿದ ಏನೈತಿ, ಅದರಿ."

  ಕಡೀಕ ಅಂಗಡಿಯವ್ರು, "ಅಕ್ಕಾರ, ಮನ್ಯಾಗ ಯಾರರ ಶಾಣೇರಿದ್ರ ಅವರ ಕೈಯಾಗ ಕೊಡ್ರಿ" ಅಂದ್ರು. ಅತ್ತಿ ಕೈಯಾಗ ಕೊಟ್ನಿ. ಅತ್ತಿ ತಮ್ಮ ಮಗ ಹುಟ್ಟಿದಲ್ಲಿಂದ ಸುರು ಮಾಡಿದ್ರು. ಕೂಸಿನ ಜಾವಳದ ಕೂದಲ ತಗಸೂತನಕ ಬರೂದ್ರಾಗ ಅಂಗಡಿಯವ್ರು ಫೋನ್ ಇಟ್ಟಿದ್ರು.

೩. ಮೈಕು

ಸಿಂದಗಿಯೊಳಗ ಹೆಣ್ಣಮಕ್ಕಳ ಮಾರಾಟ ಮೇಳ ಇತ್ತು. ಸೊಲ್ಲಾಪುರದ ಖಾನಾವಳಿಗೆ ಮಾಲು ಕಳಸೂ ಚಡಚಣದ ವ್ಯಾಪಾರಿ ಬರಾವರಿದ್ರು. ಅಂದು ಮುಂಜಾನೆ ಅತ್ತಿ, "ಇವತ್ತೂ ಖಾಲಿ ಕೈಲೆ ಬಂದ್ರ ನಾಳಿಗೆ ಎಮ್ಮಿ" ಅಂದಿದ್ರು. ಬಸ್ಸಿನ್ಯಾಗ ಕಣ್ಣು ಮುಚ್ಚಿದ್ರ ಎಮ್ಮೀನ ಕಾಣಾಕತ್ತಿತ್ತು.

ವ್ಯಾಪಾರಿ ರುಚಿ ನೋಡಿ "ಭಾರಿ ಐತಿ!" ಅಂದ್ರು. ಆದ್ರ ಎಲ್ಲಾರೂ ಮೈಕಿನ್ಯಾಗ ತಮ್ಮ ಮಾಲಿನ ಹೆಸರು ಹೇಳಬೇಕಂತ! ಮೈಕ್ ನನ್ನ ಕೈಗೆ ಬಂತು. ಹೆಸರು ಹೇಳೂ ಬದಲಿ ಡಬ್ಬಿ ಎತ್ತಿ ತೋರಿಸಿದ್ನಿ. ನನ್ನ ಜೋಡಿ ಬಂದು ಮುಂದ ಕುಂತಿದ್ದ ನಮ್ಮವರು, ಅಂದ್ರ ಡಬ್ಬಿ ಹೆಸರಿನವರು, ನೆಲ ನೋಡಾಕತ್ತಿದ್ರು. ವ್ಯಾಪಾರಿ ಗಡಿಯಾರ ನೋಡಿ ಎದ್ದು ನಿಂತ್ರು. ಯವ್ವಾ, ಎಮ್ಮಿ ಬಂತ ಅಂತ ತಿಳ್ಕೊಂಡ್ನಿ.

ಅಷ್ಟರಾಗ ಬಾಜೂದಾಗ ಹಪ್ಪಳ ಮಾರೂ ಬಸವನ ಬಾಗೇವಾಡಿ ಅಕ್ಕ ಒದರಿದಳು, "ಏ ತಂಗಿ, ಲಗ್ನದಾಗ ಹೆಂಗ ಹೇಳಿದ್ದಿ? ಒಡಪು ಹಾಕಿ ಹೇಳ!"

ಹೌದಲ್ಲಾ! ಒಡಪಿನ ಪ್ರಾಸದಾಗ ಕೂಡಿಸಿ ಅಂದ್ರ ಗಂಡನ ಹೆಸರಿಗೆ ದೋಷ ಇಲ್ಲ. ಕಣ್ಣು ಮುಚ್ಚಿ ಅಂದ್ಬಿಟ್ನಿ:

"ಇಂಡಿ ನಿಂಬಿ, ಕೆಂಪು ಖಾರ, ಮ್ಯಾಲ ಒಂದೀಟ ಉಪ್ಪ,
ಬೆರಳ ಚೀಪಿ ತಿನ್ನೂವಂಗ ಅದಾರ ನಮ್ಮ ಗುರಪ್ಪ!"

ಮಂದಿ ಬಿದ್ದು ಬಿದ್ದು ನಕ್ರು. ವ್ಯಾಪಾರಿ ಹೊಟ್ಟಿ ಹಿಡ್ಕೊಂಡು ಕುಂತ್ರು. "ಇದನ್ನ ಡಬ್ಬಿ ಮ್ಯಾಲೆ ಛಾಪಸ್ರಿ. ಪ್ರತಿ ತಿಂಗಳ ಮಾಲು ಕಳಸ್ರಿ" ಅಂದ್ರು.

ಎಮ್ಮಿ ತಪ್ಪಿತು. ಆದ್ರ ನಮ್ಮವರು ಇಂಡಿ ಬರೂತನಕ ತುಟಿ ಪಿಟಕ್ ಅನ್ನಲಿಲ್ಲ. ಸಿಟ್ಟಿಗೆದ್ರೇನೋ ಅಂತ ಮತ್ತ ನನ್ನ ಎದಿ ಡವಡವ. ಮನಿ ಬಾಗಲದಾಗ ನಿಂತು ಮೆಲ್ಲಕ ಕೇಳಿದ್ರು, "ಖರೇನ ನಾ ಅಷ್ಟು ರುಚಿ ಅದೇನಿ ಏನು?"

ನಾ ಬಾಯಿ ತಗಿಯೂದ್ರಾಗ ಒಳಗಿಂದ ಅತ್ತಿ ಅಂದ್ರು, "ರುಚಿ ಅದೀಯೋ ಮಗನ, ಖಾರ ಕಮ್ಮಿ."