ಸರಳು ಕಟ್ಟುವವರ ಮನೆಯ ಮಣಿಸರ

ನಮ್ಮ ಯಜಮಾನರು ಕಟ್ಟಡಗಳಿಗೆ ಕಬ್ಬಿಣದ ಸರಳು ಕಟ್ಟುವವರು, ನಾನು ಮನೆಯಲ್ಲಿ ಮಣಿಸರ ಮಾಡುವವಳು. ಇಬ್ಬರ ಕೈಯಲ್ಲೂ ತಂತಿ, ಇಬ್ಬರ ಕೈಯಲ್ಲೂ ಇಕ್ಕಳ. ಹೀಗಾಗಿ ನಾಶಿಕದ ನಮ್ಮ ಒಂದು ಕೋಣೆಯ ಮನೆಯಲ್ಲಿ ಏನಾದರೊಂದು ಆಗದ ವಾರವೇ ಇಲ್ಲ.

೧. ಸೈಟಿನ ಇಕ್ಕಳ

ಸರದ ತುದಿಗೆ ಸಾಸಿವೆಯಷ್ಟಿರುವ ಲೋಹದ ಕ್ರಿಂಪ್ ಮಣಿ ಬೇಕು. ತಂತಿಯನ್ನು ಅದರೊಳಗೆ ತೂರಿಸಿ, ಕೊಂಡಿಗೆ ಸುತ್ತಿ, ತಿರುಗಿ ಅದರೊಳಗೇ ತಂದು ಮೆಲ್ಲಗೆ ಅಮುಕಿದರೆ ಗಟ್ಟಿ.

ಒಂದು ಭಾನುವಾರ ಯಜಮಾನರು "ತಾ ಇಲ್ಲಿ, ಇದೇನ್ ದೊಡ್ಡ ಕೆಲಸ" ಎಂದು ತಮ್ಮ ಸೈಟಿನ ಇಕ್ಕಳದಿಂದ ಒಂದೇ ಒತ್ತು ಒತ್ತಿದರು. ಕ್ರಿಂಪ್ ಪುಡಿ, ತಂತಿ ಎರಡು ತುಂಡು, ಮಣಿಗಳೆಲ್ಲ ಮಂಚದಡಿ. ಇಕ್ಕಳವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಮಾಲ್ ಡುಪ್ಲಿಕೇಟ್ ಐತಿ. ಅಂಗಡಿಗೆ ವಾಪಸ್ ಕೊಡು."

೨. ಎಳೆದು ನೋಡಿ

ಆಮೇಲೆ ಹಟಕ್ಕೆ ಬಿದ್ದು ಕಲಿತರು. ಒಂದು ಸಾಕೆಂದರೆ ಎರಡು ಕ್ರಿಂಪ್ ಹಾಕುವರು. ಆ ಸರಗಳನ್ನು ಎಲ್ಲೋರಾ ಗುಹೆಗಳ ಊರಾದ ವೇರೂಳದಲ್ಲಿರುವ ನಾದಿನಿಯ ಅಂಗಡಿಗೆ ಒಯ್ದು, ಬಂದವರಿಗೆಲ್ಲ "ಎಳೆದು ನೋಡಿ" ಎಂದು ಜಂಬ ಕೊಚ್ಚಿಕೊಂಡೆ. ಸಂಭಾಜಿನಗರದ ಹೆಂಗಸೊಬ್ಬಳು ಐದು ಸರ ಎಳೆದಳು. ಒಂದೂ ಹರಿಯಲಿಲ್ಲ. ಐದನ್ನೂ ವಾಪಸಿಟ್ಟಳು.

"ಇತಕಾ ಮಜಬೂತ್ ನಕೋ ಬಾಯಿ, ಇಷ್ಟು ಗಟ್ಟಿ ಬೇಡ. ಹರಿದರೆ ತಾನೆ ಗಂಡನ ಹತ್ತಿರ ಹೊಸದು ಕೇಳುವುದು?"

೩. ವೀಕ್ ಪಾಯಿಂಟ್

ಪಕ್ಕದ ಮನೆಯ ಮರಾಠಿ ಹುಡುಗಿಯ ಮದುವೆಗೆ ಮಂಗಳಸೂತ್ರ ಪೋಣಿಸುವ ಕೆಲಸ ನನಗೆ ಬಂತು. ಮದುವೆಯ ಆರ್ಡರ್ ಅದೇ ಮೊದಲು. ಇದು ಕೆಟ್ಟರೆ ನಮ್ಮ ಚಾಳಿನ ಸಾಲುಮನೆಗಳಲ್ಲಿ ಯಾರೂ ನನ್ನ ಕೈಗೆ ಇನ್ನೊಂದು ಮಣಿ ಕೊಡುವುದಿಲ್ಲ ಎಂಬ ಭಯ. ಮೂರು ದಿನ ಪೋಣಿಸಿದೆ. ಮದುವೆಯ ಬೆಳಿಗ್ಗೆ ಸೀರೆ ಉಡುವ ಗಡಿಬಿಡಿಯಲ್ಲಿ ಕೊನೆಯ ಕ್ರಿಂಪು ಯಜಮಾನರಿಗೆ ಬಿಟ್ಟೆ. ಅವರೇ ಡಬ್ಬಿಗೆ ಹಾಕಿ ಕೊಟ್ಟರು.

ಅಕ್ಷತೆ ಬಿತ್ತು. ಮದುಮಗ ಸರ ತಿರುಗಿಸಿ ತಿರುಗಿಸಿ ನೋಡಿದ. ಕೊಂಡಿಯೇ ಇಲ್ಲ! ನಾನು ಯಜಮಾನರ ಕಡೆ ತಿರುಗಿದೆ.

"ಹುಕ್ ಅಂದ್ರ ವೀಕ್ ಪಾಯಿಂಟ್," ಎಂದರು ಖುಷಿಯಿಂದ. "ತೆಗದ್ ಬಿಟ್ಟೆ. ಎರಡೂ ತುದಿ ಕೂಡಿಸಿ ನಾಕ್ ಕ್ರಿಂಪ್ ಹಾಕೇನಿ. ಸ್ಲ್ಯಾಬ್ ಬಿದ್ರೂ ಹರಿಯಂಗಿಲ್ಲ."

ಮದುಮಗ ಅದನ್ನು ತಲೆಯ ಮೇಲಿಂದ ಹಾಕಲು ನೋಡಿದ. ಮದುಮಗಳ ತೆಂಗಿನಕಾಯಿ ಗಾತ್ರದ ತುರುಬಿಗೆ ಸಿಕ್ಕಿಕೊಂಡಿತು. ಮಂಗಳಸೂತ್ರ ಕತ್ತರಿಸಿ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಭಟ್ಟರು "ಲೌಕರ್, ಲೌಕರ್" ಎಂದು ಅವಸರ ಮಾಡಿದರು.

ಮದುಮಗಳು ಕೈ ಹಿಂದೆ ಒಯ್ದು, ತುರುಬನ್ನು ಇಡಿಯಾಗಿ ಕಿತ್ತು ಅತ್ತೆಯ ಕೈಗಿಟ್ಟಳು. ಸರ ಸಲೀಸಾಗಿ ಕೊರಳಿಗಿಳಿಯಿತು. ನನಗೆ ಹೋದ ಜೀವ ಬಂತು.

ಅತ್ತೆ ಏನನ್ನುತ್ತಾಳೋ ಎಂದು ಎಲ್ಲರೂ ನೋಡಿದರು. ಆಕೆ ತುರುಬನ್ನು ತಿರುಗಿಸಿ ನೋಡಿ, "ಎಲ್ಲಿ ತಗೊಂಡೆ ಮಗಳೇ? ನನ್ನ ಚೌರಿ ತುರುಬು ಪದೇ ಪದೇ ಜಾರುತ್ತದೆ" ಎಂದು ಮರಾಠಿಯಲ್ಲಿ ಕೇಳಿದಳು.

ಯಜಮಾನರು ನನ್ನ ಕಿವಿಯಲ್ಲಿ ಹೇಳಿದರು: "ಕೇಳ್ ನೋಡು, ಅದಕ್ಕೂ ಎರಡ್ ಕ್ರಿಂಪ್ ಹಾಕಿ ಕೊಡೂಣೇನು?"