ಇಪ್ಪತ್ತು ಮನೆ, ಹದಿನೆಂಟು ಎಲೆ

ಡೆಲ್ಮರ್ ಕ್ರೂಗರ್ ಬೆಳಿಗ್ಗೆ ಚೀಲ ಬಿಚ್ಚಿದಾಗ ಒಂದು ಓಕ್ ಕಾಯಿಯಿಂದ ಬಿಳಿ ಹುಳು ತಲೆ ಹೊರಹಾಕಿ, ಬಾಡಿಗೆ ಮನೆ ನೋಡಲು ಬಂದವರ ಹಾಗೆ ಅತ್ತಿತ್ತ ನೋಡಿತು.

ಎಲ್ಲ ಗೋಳೂ ಶುರುವಾದದ್ದು ಆ ಹುಳುವಿನಿಂದ.

ಡೆಲ್ಮರ್ ಮಿನೆಸೋಟದ ಒಂದು ಸಣ್ಣ ಊರಿನ ಶಿಶುತರಗತಿಯ ಮೇಷ್ಟ್ರು. ಮೇಷ್ಟ್ರು ಅಂದರೂ ಕಾಯಂ ಆಗಿರಲಿಲ್ಲ. ಆವತ್ತು ಒಂಬತ್ತಕ್ಕೆ ಪ್ರಿನ್ಸಿಪಾಲ್ ನೈಕ್ವಿಸ್ಟ್ ಮೇಡಂ ಪಾಠ ನೋಡಲು ಬರುವವರಿದ್ದರು. ಒಪ್ಪಿದರೆ ಆ ಹತ್ತೊಂಬತ್ತು ಮಕ್ಕಳು ಅವನವರು, ಇಲ್ಲವಾದರೆ ಇಲ್ಲ. ಅವನಿಗೆ ಬೇರೇನೂ ಬೇಕಿರಲಿಲ್ಲ. ಆರಡಿ ಎತ್ತರದ ಆಸಾಮಿ, ಮೊಳದೆತ್ತರದ ಕುರ್ಚಿಯ ಮೇಲೆ ಮೊಣಕಾಲು ಗದ್ದಕ್ಕೆ ತಾಗುವ ಹಾಗೆ ಕೂತು, ದಿನವಿಡೀ ಮಕ್ಕಳ ಜೊತೆ ಎಣಿಸುತ್ತಿದ್ದ. ಕುಂಬಳದ ಬೀಜ ಎಣಿಸುತ್ತಿದ್ದ, ಸೇಬು ಎಣಿಸುತ್ತಿದ್ದ, ಕೆಂಪೆಲೆ ಹಳದಿ ಎಲೆ ಬೇರೆಬೇರೆ ಎಣಿಸುತ್ತಿದ್ದ. ಇದೆಲ್ಲ ಬರೀ ಆಟ ಅನ್ನುವವರನ್ನು ಒಂದೇ ಒಂದು ದಿನ ಆ ಕುರ್ಚಿಯಲ್ಲಿ ಕೂರಿಸಬೇಕು, ಸಂಜೆಗೆ ಬುದ್ಧಿ ಬರುತ್ತದೆ.

ಆವತ್ತಿನ ಆಟ ‘ಹತ್ತರ ಮನೆ’. ಐದೈದು ಮನೆಗಳ ಎರಡು ಸಾಲು. ದಾಳ ಎಸೆಯಬೇಕು, ಬಿದ್ದಷ್ಟು ಓಕ್ ಕಾಯಿಯನ್ನು ಮನೆಗೊಂದರಂತೆ ಇಡಬೇಕು. ಎಷ್ಟು ತುಂಬಿತು, ಎಷ್ಟು ಖಾಲಿ ಉಳಿಯಿತು, ಅಷ್ಟೇ.

“ಏನಪ್ಪಾ ಡೆಲ್ಮರ್, ಕಾಯಿ ಬಿಸಿ ಮಾಡಿಲ್ವಾ?” ಅಂತ ಪಕ್ಕದ ಒಂದನೇ ತರಗತಿಯ ಲೋರ್ನಾ ಇಣುಕಿದಳು. ಇಪ್ಪತ್ತಾರು ವರ್ಷದ ಅನುಭವ ಅವಳದು. ಅದರಲ್ಲಿ ಅರ್ಧ ಪಕ್ಕದ ಕೋಣೆಗಳಿಗೆ ಇಣುಕಿದ ಅನುಭವ.

“ಬಿಸಿ ಮಾಡೋದಾ? ಯಾಕೆ?”

“ಅಯ್ಯೋ ದೇವರೇ! ಹೀಟರಿನ ಬಿಸಿಗೆ ಈ ಹುಳ ಎಲ್ಲಾ ಈಚೆಗೆ ಬರ್ತವೆ. ನೈಕ್ವಿಸ್ಟ್ ಮೇಡಂ ಬೂಟು ಹತ್ತಿದ್ರೆ ಮುಗೀತು ನಿನ್ನ ಕತೆ. ಓವನ್‌ನಲ್ಲಿ ಸಣ್ಣ ಉರಿಗೆ ಒಂದು ಗಂಟೆ ಇಡಬೇಕು ಕಣೋ. ಎಲ್ಲರಿಗೂ ಗೊತ್ತಿರೋ ವಿಷಯ!”

ಇದ್ದದ್ದು ಇಪ್ಪತ್ತು ನಿಮಿಷ. ಸಣ್ಣ ಉರಿಗೆ ಒಂದು ಗಂಟೆ ಅಂದಮೇಲೆ ಮೂರು ಪಟ್ಟು ಉರಿಗೆ ಇಪ್ಪತ್ತು ನಿಮಿಷ ಸಾಕು ಅಂತ ಲೆಕ್ಕದ ಮೇಷ್ಟ್ರು ಲೆಕ್ಕ ಹಾಕಿದ. ಟೀಚರುಗಳ ಕೋಣೆಯ ಓವನ್‌ಗೆ ತಟ್ಟೆ ತಳ್ಳಿ, ಗುಂಡಿಯನ್ನು ಕೊನೆತನಕ ತಿರುಗಿಸಿ, ತರಗತಿಗೆ ಓಡಿದ.

ಒಂಬತ್ತಕ್ಕೆ ಸರಿಯಾಗಿ ನೈಕ್ವಿಸ್ಟ್ ಮೇಡಂ ಕಾಗದ ಸಿಕ್ಕಿಸಿದ ಹಲಗೆ, ಪೆನ್ನು ಹಿಡಿದು ಒಳಗೆ ಬಂದರು. ಡೆಲ್ಮರ್ ಬಾಯಿ ತೆರೆದ. ಅಷ್ಟರಲ್ಲಿ ಓವನ್ ಇದ್ದ ಕಡೆಯಿಂದ ಪಟಾರ್ ಅಂತು. ಹಿಂದೆಯೇ ಪಟ್ ಪಟ್ ಪಟಾರ್. ಹೊಗೆ ಬಂತು. ಬೆಂಕಿಯ ಗಂಟೆ ಇಡೀ ಶಾಲೆಯ ಕಿವಿ ಹರಿಯುವಂತೆ ಬಾರಿಸತೊಡಗಿತು.

ಐದು ನಿಮಿಷದಲ್ಲಿ ಮುನ್ನೂರು ಮಕ್ಕಳು ಹೊರಗಿನ ಹುಲ್ಲಿನ ಮೇಲೆ, ಮೇಪಲ್ ಮರದಡಿ ನಿಂತಿದ್ದರು. ಬೆಂಕಿದಳದ ಕೆಂಪು ವಾಹನವೂ ಕೂಗುತ್ತ ಬಂದು ನಿಂತಿತು.

ಇಂಥ ಹೊತ್ತಿಗೆ ಒಂದು ಕ್ರಮ ಉಂಟು. ಪ್ರತಿ ಟೀಚರೂ ತನ್ನ ಮಕ್ಕಳನ್ನು ಎಣಿಸಬೇಕು. ಎಲ್ಲರೂ ಇದ್ದರೆ ಹಸಿರು ಕಾರ್ಡು, ಒಬ್ಬರು ಕಡಿಮೆ ಇದ್ದರೂ ಕೆಂಪು ಕಾರ್ಡು ಎತ್ತಿ ಹಿಡಿಯಬೇಕು. ಲೋರ್ನಾ ಎಲ್ಲರಿಗಿಂತ ಮೊದಲು ಹಸಿರು ಎತ್ತಿ, ಸಾಲದೆಂಬಂತೆ ಬೀಸಿದಳು.

ಡೆಲ್ಮರ್ ಎಣಿಸಿದ. ಹದಿನೆಂಟು. ಮತ್ತೆ ಎಣಿಸಿದ. ಇಪ್ಪತ್ತು! ಐದು ವರ್ಷದ ಮಕ್ಕಳನ್ನು ನಿಲ್ಲಿಸಿ ಎಣಿಸುವುದೂ ಒಂದೇ, ಕುದಿಯುವ ಸಾರಿನಲ್ಲಿ ಬಟಾಣಿ ಎಣಿಸುವುದೂ ಒಂದೇ.

“ಬೇಗ ಕಾರ್ಡ್ ಎತ್ತೋ, ಮೇಡಂ ನಿನ್ನನ್ನೇ ನೋಡ್ತಿದಾರೆ!” ಅಂತ ಲೋರ್ನಾ ತಿವಿದಳು.

ಮೂರನೇ ಸಲ ಹತ್ತೊಂಬತ್ತು ಬಂತು. ಬೇಕಾದದ್ದೇ ಬಂದಮೇಲೆ ಇನ್ನೇಕೆ ಅನುಮಾನ? ಹಸಿರು ಎತ್ತಿದ.

“ಸರ್, ನೀವು ಎಣಿಸಿದ್ದು ಸರಿಯಿಲ್ಲ,” ಅಂದಳು ವಿಲ್ಲಾ. ಮುಂದಿನ ಎರಡು ಹಲ್ಲಿಲ್ಲದ ಹುಡುಗಿ.

“ಸುಮ್ನಿರಮ್ಮ ಈಗ.”

“ಮುಟ್ಟಿ ಎಣಿಸ್ಬೇಕು, ಎಣಿಸಿದ್ದನ್ನ ಪಕ್ಕಕ್ಕಿಡ್ಬೇಕು ಅಂತ ನೀವೇ ಹೇಳಿದ್ರಿ. ನೀವು ಮುಟ್ಟಲೇ ಇಲ್ಲ. ಆಸ್ಕರನ್ನ ಎರಡು ಸಲ ಎಣಿಸಿದ್ರಿ!”

“ಹೌದು, ನಾನು ಓಡ್ತಾ ಇದ್ದೆ,” ಅಂದ ಆಸ್ಕರ್, ಬಹಳ ಖುಷಿಯಿಂದ.

ಡೆಲ್ಮರ್ ಬಾಯಿ ತೆರೆಯುವ ಮೊದಲೇ ಅವಳು ಕಡ್ಡಿ ಹಿಡಿದು ಮಣ್ಣಲ್ಲಿ ಹತ್ತರ ಮನೆ ಗೀಚಿದಳು, ಪಕ್ಕದಲ್ಲಿ ಇನ್ನೊಂದನ್ನೂ. “ಎಲ್ರೂ ಒಂದೊಂದು ಎಲೆ ತನ್ನಿ. ಒಂದೇ! ಆಸ್ಕರ್, ನಿಂಗೂ ಒಂದೇ!”

ನೋಡಬೇಕಿತ್ತು ಆ ಮಕ್ಕಳನ್ನು. ಯಾರೂ ಬೈಯಲಿಲ್ಲ, ಯಾರೂ ಗದರಲಿಲ್ಲ. ಒಬ್ಬೊಬ್ಬರಾಗಿ ಬಂದರು, ತಮ್ಮ ಎಲೆಯನ್ನು ಮನೆಯಲ್ಲಿಟ್ಟರು, ಆಚೆ ಹೋಗಿ ಕೂತರು. ಗಾಳಿಗೆ ಹಾರದಂತೆ ಒಬ್ಬ ಎಲೆಯ ಮೇಲೆ ಕಲ್ಲಿಟ್ಟ, ಉಳಿದವರೂ ಇಟ್ಟರು. ಬ್ಯಾಂಕಿನಲ್ಲಿ ದೊಡ್ಡವರ ಸಾಲು ಕೂಡ ಇಷ್ಟು ನೆಟ್ಟಗೆ ನಿಂತದ್ದನ್ನು ಯಾರೂ ಕಂಡಿರಲಾರರು.

“ಎರಡು ಮನೆ ಖಾಲಿ ಸರ್,” ಅಂದಳು ವಿಲ್ಲಾ. “ನಾವು ಹತ್ತೊಂಬತ್ತು ಜನ. ಒಂದೇ ಖಾಲಿ ಇರ್ಬೇಕು.”

ಡೆಲ್ಮರ್ ಖಾಲಿ ಮನೆಗಳನ್ನು ತಾನೇ ಮುಟ್ಟಿ ಎಣಿಸಿದ. ಎರಡೇ. ಕೆಂಪು ಎತ್ತಿದರೆ ಪ್ರಿನ್ಸಿಪಾಲರ ಎದುರಿಗೇ ಮಾನ ಹೋಗುತ್ತದೆ, ನೌಕರಿಯೂ ಹೋಗುತ್ತದೆ. ಆದರೆ ಯಾವುದೋ ಮಗು ಒಳಗೆ ಹೊಗೆಯಲ್ಲಿದ್ದರೆ?

ಅವನು ಹಸಿರನ್ನು ನೆಲಕ್ಕೆ ಬಿಸಾಡಿ ಕೆಂಪನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ.

“ಯಾರು ಇಲ್ಲ?” ಅಂತ ಕೂಗುತ್ತ ನೈಕ್ವಿಸ್ಟ್ ಮೇಡಂ ಓಡಿಬಂದರು.

“ಟೆಸ್!” ಅಂದರು ಹದಿನೆಂಟು ಮಕ್ಕಳು ಒಟ್ಟಿಗೆ.

ಬೆಂಕಿದಳದವರು ಅವಳನ್ನು ಹುಡುಕಲು ಒಳಗೆ ನುಗ್ಗಿದರು. ಡೆಲ್ಮರನೂ ನುಗ್ಗಹೋದ, ಇಬ್ಬರು ಹಿಡಿದು ನಿಲ್ಲಿಸಿದರು. ಅಷ್ಟರಲ್ಲಿ ಕೆಂಪು ವಾಹನದ ಕಿಟಕಿಯಿಂದ ಮೂಗಿನವರೆಗೂ ಹೆಲ್ಮೆಟ್ ಹಾಕಿಕೊಂಡ ಒಂದು ತಲೆ ಹೊರಬಂತು.

“ಸರ್, ಇದ್ರಲ್ಲಿ ಹನ್ನೆರಡು ಬೆಲ್ಟ್ ಇದಾವೆ! ಮುಟ್ಟಿ ಮುಟ್ಟಿ ಎಣಿಸ್ದೆ!”

ಡೆಲ್ಮರ್ ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟ. ಬೆಂಕಿದಳದ ಮುಖ್ಯಸ್ಥ ಟೆಸ್‌ಳನ್ನು ಇಳಿಸಿ, ಎರಡು ಹತ್ತರ ಮನೆಗಳನ್ನು ಬಹಳ ಹೊತ್ತು ನೋಡಿದ. “ನಮ್ಮ ಹುಡುಗರಿಗೂ ಇದನ್ನ ಕಲಿಸ್ಬೇಕು ಕಣ್ರೀ,” ಅಂದ.

ಮಧ್ಯಾಹ್ನ ಪ್ರಿನ್ಸಿಪಾಲರ ಕೋಣೆಯಿಂದ ಕರೆ ಬಂತು. ಡೆಲ್ಮರ್ ಮೇಜಿನ ಮುಂದೆ ನಿಂತ.

“ಕೂತ್ಕೊಳ್ಳಿ. ಇಪ್ಪತ್ತೆರಡು ವರ್ಷದಿಂದ ಈ ಕೆಲಸದಲ್ಲಿದೀನಿ,” ಅಂದರು ನೈಕ್ವಿಸ್ಟ್ ಮೇಡಂ. ಅವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. “ಮೇಷ್ಟ್ರು ತಪ್ಪಿದಾಗ ಮಕ್ಕಳೇ ಲೆಕ್ಕ ಸರಿಮಾಡಿದ್ದನ್ನ ಇವತ್ತೇ ನೋಡಿದ್ದು. ಪಾಠ ಅಂದ್ರೆ ಅದು. ನೀವು ಕಾಯಂ.”

ಡೆಲ್ಮರ್ ಈಗ ಕೂತ. ಮೇಡಂ ಮಾತು ಮುಂದುವರಿಸಿದರು.

“ಇಂಥವರನ್ನ ಒಂದೇ ತರಗತೀಲಿ ಕಟ್ಟಿಹಾಕೋದು ಪಾಪ. ಜಿಲ್ಲಾ ಕಚೇರಿಗೆ ಆಗಲೇ ಫೋನ್ ಮಾಡಿದೆ. ಸೋಮವಾರದಿಂದ ಒಂಬತ್ತು ಶಾಲೆ ಸುತ್ತಿ ಟೀಚರುಗಳಿಗೆ ಎಣಿಸೋ ಆಟ ಕಲಿಸ್ತೀರಿ.”

“ಮೇಡಂ, ನನ್ನ ಮಕ್ಕಳು?”

“ಲೋರ್ನಾ ನೋಡ್ಕೋತಾರೆ. ಅವರೇ ಕೇಳ್ಕೊಂಡ್ರು. ಇಷ್ಟು ತಯಾರಾದ ತರಗತಿ ಯಾರಿಗೆ ಬೇಡ ಹೇಳಿ?”

“ನನಗೆ ಬೇಡ ಮೇಡಂ, ಈ ಬಡ್ತಿ ಬೇಡ! ನಾನು ಇಲ್ಲೇ ಇರ್ತೀನಿ. ದೊಡ್ಡವರಿಗೆ ಪಾಠ ಹೇಳೋದು ನನ್ನ ಕೈಲಿ ಆಗಲ್ಲ. ಅವರಿಗೆ ಎಲ್ಲಾ ಗೊತ್ತಿರುತ್ತೆ!”

ನೈಕ್ವಿಸ್ಟ್ ಮೇಡಂ ನಕ್ಕರು. ಡ್ರಾಯರಿನಿಂದ ಒಂದು ಹಾಳೆ ತೆಗೆದು, ಮೇಜಿನ ಮೇಲೆ ಅವನ ಸಹಿಗೆ ಕಾದಿದ್ದ ಹೊಸ ನೇಮಕದ ಕಾಗದದ ಪಕ್ಕದಲ್ಲಿಟ್ಟರು. ಬೆಂಕಿದಳಕ್ಕೆ ಕಳಿಸಬೇಕಾದ ವರದಿ. ಎಲ್ಲ ತುಂಬಿತ್ತು, ‘ಕಾರಣ’ ಅನ್ನುವ ಜಾಗ ಮಾತ್ರ ಖಾಲಿ. ಹಾಳೆ ಹಾರದಿರಲೆಂದು ಅದರ ಮೇಲೆ ಒಂದು ಸುಟ್ಟು ಕರಿಯಾದ ಓಕ್ ಕಾಯಿ ಇಟ್ಟರು.

“ಇಲ್ಲಿ ಏನು ಬರೀಲಿ ಅಂತ ಯೋಚಿಸ್ತಿದೀನಿ, ಡೆಲ್ಮರ್,” ಅಂದರು ಪ್ರೀತಿಯಿಂದಲೇ.

ಡೆಲ್ಮರ್ ನೇಮಕದ ಕಾಗದಕ್ಕೆ ಸಹಿ ಹಾಕಿದ.

ನೈಕ್ವಿಸ್ಟ್ ಮೇಡಂ ವರದಿಯನ್ನು ಎಳೆದುಕೊಂಡು ದುಂಡಗೆ ಬರೆದರು: ‘ಓವನ್ ಬಹಳ ಹಳೆಯದಾಗಿತ್ತು.’